ವಿಕಾಸ, ರೂಢಿ, ಜಾತಿ

ಹಲಸಂಗಿ ಎಂದ ಕೂಡಲೇ ಕನ್ನಡದ ಓದುಗನಿಗೆ ಹಲಸಂಗಿಯ ಗೆಳೆಯರು ನೆನಪಾಗುತ್ತಾರೆ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಪಿ. ಧೂಲಾಸಾಹೇಬರು ಊರೂರು ತಿರುಗಿ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಇದು ಈ ಊರಿನ ಒಂದು ಆಸ್ತಿ. ಇನ್ನೊಂದು ಆಸ್ತಿ ಮಧುರಚೆನ್ನರ ಸಾಧನೆಯದು. ಅವರು ಶ್ರೀ ಅರವಿಂದರನ್ನು ಗುರುವಾಗಿ ಕಂಡವರು, ಪಾಂಡಿಚೇರಿಗೆ ಹೋಗಿ ಬಂದವರು, ತಮ್ಮ ಒಳಗಿನ ಹುಡುಕಾಟವನ್ನು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಪುಸ್ತಕಗಳಲ್ಲಿ ಬಿಚ್ಚಿಟ್ಟವರು. ಮೊದಲನೆಯ ಆಸ್ತಿ ಬಾಯಿಂದ ಬಾಯಿಗೆ ಇಳಿದು ಬಂದದ್ದು. ಎರಡನೆಯದು ಮೇಲಕ್ಕೆ ಏರಲು ಹವಣಿಸಿದ್ದು.

ಜೀವಶಾಸ್ತ್ರದ ಮಾಸ್ತರನೊಬ್ಬ ಇದನ್ನೆಲ್ಲ ಏಕೆ ಹೇಳುತ್ತಾನೆ ಎಂದು ಓದುಗರು ಕೇಳಬಹುದು. ಈ ಸೀಮೆಯ ಹುಡುಗ ಹುಡುಗಿಯರಿಗೆ ನಾನು ಇಪ್ಪತ್ತಾರು ವರ್ಷ ಪದವಿಪೂರ್ವ ತರಗತಿಯಲ್ಲಿ ಜೀವಶಾಸ್ತ್ರ ಕಲಿಸಿದೆ. ಡಾರ್ವಿನ್ನನ ಪಾಠ ಬಂದಾಗಲೆಲ್ಲ ಈ ಎರಡು ಆಸ್ತಿಗಳಲ್ಲಿ ಒಂದು ನನ್ನ ದಾರಿಗೆ ಅಡ್ಡ ಬರುತ್ತಿತ್ತು, ಇನ್ನೊಂದು ದಾರಿ ತೋರಿಸುತ್ತಿತ್ತು. ಯಾವುದು ಅಡ್ಡ ಬಂತು, ಯಾವುದು ದಾರಿಯಾಯಿತು ಎಂಬುದೇ ಈ ಬರಹದ ವಿಷಯ.

ನಮ್ಮ ಪಠ್ಯಕ್ರಮದಲ್ಲಿ ಜೀವಶಾಸ್ತ್ರದ ತತ್ತ್ವಜ್ಞಾನ ಎಂಬ ಪಾಠವಿಲ್ಲ. ಪರೀಕ್ಷೆಗೆ ಅದು ಬರುವುದಿಲ್ಲ. ಆದರೆ ತತ್ತ್ವದ ಪ್ರಶ್ನೆಗಳು ಪಠ್ಯಕ್ರಮದ ಅಪ್ಪಣೆ ಕೇಳಿ ಬರುವುದಿಲ್ಲವಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಬಂದ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾರೆ. ತಿಳಿದುಕೊಳ್ಳುವುದು ಮಾತ್ರ ಕನ್ನಡದಲ್ಲೇ. ನಾನು ‘ಎವಲ್ಯೂಷನ್’ ಎಂದರೆ ಅವರ ತಲೆಯಲ್ಲಿ ‘ವಿಕಾಸ’ ಎಂದಾಗುತ್ತದೆ. ‘ರೆಸಿಸ್ಟೆನ್ಸ್’ ಎಂದರೆ ‘ರೂಢಿ’ ಎಂದಾಗುತ್ತದೆ. ‘ಸ್ಪೀಸೀಸ್’ ಎಂದರೆ ‘ಜಾತಿ’ ಎಂದಾಗುತ್ತದೆ. ಈ ಮೂರು ಮಾತುಗಳು ಸುಮ್ಮನೆ ಬರುವುದಿಲ್ಲ, ತಮ್ಮ ಹಿಂದೆ ಒಂದೊಂದು ಸಂಸಾರವನ್ನೇ ಕಟ್ಟಿಕೊಂಡು ಬರುತ್ತವೆ. ಆ ಸಂಸಾರವನ್ನು ವಿಚಾರಿಸದೆ ಪಾಠ ಮಾಡಿದರೆ ನಾವು ಕಲಿಸಿದ್ದು ಒಂದು, ಮಕ್ಕಳು ಕಲಿತದ್ದು ಇನ್ನೊಂದು.

ಮೊದಲು ವಿಕಾಸ. ಈ ಮಾತಿನ ಮೂಲಾರ್ಥ ಅರಳುವುದು. ಮೊಗ್ಗು ಹೂವಾಗುವುದು ವಿಕಾಸ. ಮೊಗ್ಗಿನೊಳಗೆ ಹೂ ಮೊದಲೇ ಇರುತ್ತದೆ. ಅರಳುವುದು ಅದರ ಗುರಿ. ಬೆಂಗಳೂರಿನಲ್ಲಿ ವಿಕಾಸ ಸೌಧವಿದೆ. ಚುನಾವಣೆ ಬಂದರೆ ಎಲ್ಲ ಪಕ್ಷದವರ ಬಾಯಲ್ಲೂ ವಿಕಾಸವಿದೆ. ಅಲ್ಲೆಲ್ಲ ವಿಕಾಸವೆಂದರೆ ಮುಂದಕ್ಕೆ, ಮೇಲಕ್ಕೆ ಹೋಗುವುದು. ಹಾಗಾಗಿ ಜೀವವಿಕಾಸ ಎಂದೊಡನೆ ಮಕ್ಕಳ ಕಣ್ಣ ಮುಂದೆ ಒಂದು ನಿಚ್ಚಣಿಕೆ ನಿಲ್ಲುತ್ತದೆ: ಕೆಳಗೆ ಅಮೀಬ, ನಡುವೆ ಮೀನು ಕಪ್ಪೆ, ಮೇಲೆ ಮಂಗ, ತುದಿಗೆ ಮನುಷ್ಯ. ದೋಷ ಕನ್ನಡದ್ದೊಂದೇ ಅಲ್ಲ. ಇಂಗ್ಲಿಷಿನ ಆ ಮಾತು ಕೂಡ ಸುರುಳಿ ಬಿಚ್ಚುವುದು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. 1859ರಲ್ಲಿ ತನ್ನ ಗ್ರಂಥ ಪ್ರಕಟಿಸಿದಾಗ ಡಾರ್ವಿನ್ ಆ ನಾಮಪದವನ್ನು ಬಳಸಿರಲಿಲ್ಲ. 1872ರ ಆರನೆಯ ಆವೃತ್ತಿಯಲ್ಲಷ್ಟೆ ಅದು ಬಂತು. ಅವನ ಸ್ವಂತದ ಮಾತು ಬೇರೆ: ಮಾರ್ಪಡುತ್ತ ಇಳಿದು ಬರುವುದು. ಗಮನಿಸಿ, ಏರುವುದಲ್ಲ, ಇಳಿದು ಬರುವುದು. ಮನೆತನದ ಗುಣ ಇಳಿದು ಬಂದಿದೆ ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಅದೇ ಅರ್ಥ.

ಈ ಗುರಿಯ ಕಲ್ಪನೆಗೆ ಹಲಸಂಗಿಯ ಸೀಮೆಯಲ್ಲಿ ಇನ್ನೊಂದು ಬಲವಿದೆ. ಶ್ರೀ ಅರವಿಂದರು 1914ರಿಂದ ‘ಆರ್ಯ’ ಪತ್ರಿಕೆಯಲ್ಲಿ ಬರೆದ, ಮುಂದೆ ‘ದಿ ಲೈಫ್ ಡಿವೈನ್’ ಎಂದು ಗ್ರಂಥವಾದ ಚಿಂತನೆಯಲ್ಲಿ ಜಡದೊಳಗೆ ಪ್ರಾಣ, ಪ್ರಾಣದೊಳಗೆ ಮನಸ್ಸು ಅಡಗಿದ್ದು, ಒಂದೊಂದಾಗಿ ಹೊರಬರುತ್ತವೆ. ಮನಸ್ಸಿನ ಆಚೆಗೂ ಒಂದು ಮೆಟ್ಟಿಲಿದೆ. ಚೈತನ್ಯ ಮೇಲೇರುತ್ತ ಹೋಗುವ ಈ ದರ್ಶನಕ್ಕೆ ವಿಕಾಸ ಎಂಬ ಮಾತು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಒಪ್ಪುತ್ತದೆ. ಮನೆಯಲ್ಲಿ ಮಧುರಚೆನ್ನರ ಮಾತು ಕೇಳಿ ಬೆಳೆದ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು: “ಸರ, ಡಾರ್ವಿನ್ನಗ ಅರ್ಧಾ ದಾರಿ ತಿಳಿದಿತ್ತು, ಅರವಿಂದರಿಗೆ ಪೂರ್ತಿ ತಿಳಿದಿತ್ತು ಅಂತ ನಮ್ಮಜ್ಜ ಅಂತಾನ. ಖರೇ ಏನ್ರಿ?” ಪ್ರಶ್ನೆ ತೂಕದ್ದು. ಅಜ್ಜನನ್ನು ಅಲ್ಲಗಳೆಯುವ ಅವಸರ ನನಗಿರಲಿಲ್ಲ. “ಯವ್ವಾ, ಲಾಡಿಹುಳಕ್ಕ ಕರುಳು ಐತೇನು?” ಎಂದೆ. “ಇಲ್ರಿ.” “ಅದರ ಹಿಂದಿನವರಿಗಿತ್ತು. ಮಂದಿಯ ಕರುಳಾಗ ಕುಂತು ಉಣ್ಣಲಿಕ್ಕೆ ಹತ್ತಿದ ಮ್ಯಾಲೆ ತನ್ನ ಕರುಳು ಹೋತು. ಹಾವಿನ ಹಿಂದಿನವರಿಗೆ ಕಾಲಿದ್ದವು, ಹೋದವು. ಇದು ಏರಿದ್ದೋ, ಇಳಿದದ್ದೋ?” ಹುಡುಗಿ ವಿಚಾರಕ್ಕೆ ಬಿದ್ದಳು. ಡಾರ್ವಿನ್ನನ ಲೆಕ್ಕದಲ್ಲಿ ಲಾಡಿಹುಳವೂ ಮನುಷ್ಯನೂ ಸಮಾನವಾಗಿ ಇವತ್ತಿನವರೆಗೆ ಬಂದವರು. ಅರವಿಂದರ ದರ್ಶನ ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದು ಬೇರೆ ಪ್ರಶ್ನೆಗೆ ಉತ್ತರ ಎಂದಷ್ಟೆ ತಿಳಿಯುತ್ತದೆ. ಸಾಧಕನ ಏಣಿಯನ್ನು ತಂದು ಲಾಡಿಹುಳದ ಮನೆಗೆ ಹಚ್ಚಬಾರದು. ಒಂದೇ ಮಾತು ಎರಡೂ ಕಡೆ ದುಡಿಯುವುದರಿಂದ ಈ ಗೊಂದಲ.

ಸಾಹಿತ್ಯದಲ್ಲೂ ಈ ಗೊಂದಲದ ಒಂದು ಒಳ್ಳೆಯ ಪರೀಕ್ಷೆ ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ನನ್ನ ವಿದ್ಯಾರ್ಥಿಗಳಲ್ಲಿ ಅದನ್ನು ಓದಿದವರು ಬಹಳ. ಓದಿದವರಲ್ಲಿ ಹೆಚ್ಚಿನವರು ಆ ಹಾರುವ ಓತಿ ಹಕ್ಕಿಯಾಗುವ ದಾರಿಯಲ್ಲಿದೆ ಎಂದೇ ತಿಳಿದಿರುತ್ತಾರೆ. ಹಕ್ಕಿಯ ರೆಕ್ಕೆ ಮುಂಗೈಯಿಂದಾದದ್ದು; ಓತಿಯ ರೆಕ್ಕೆ ಪಕ್ಕೆಲುಬುಗಳು ಉದ್ದವಾಗಿ ಅವುಗಳ ನಡುವೆ ಚರ್ಮ ಹರಡಿ ಆದದ್ದು. ಆ ಓತಿ ಇನ್ನು ಕೋಟಿ ವರ್ಷ ಹಾರಿದರೂ ಕಾಗೆಯಾಗುವುದಿಲ್ಲ. ಅದು ಯಾವುದಕ್ಕೂ ಮೆಟ್ಟಿಲಲ್ಲ, ತಾನೇ ಒಂದು ಪೂರ್ಣ ಬದುಕು. ಕಾದಂಬರಿಯ ಪಾತ್ರಗಳು ಅದರಲ್ಲಿ ಕಾಲದ ಗುಟ್ಟನ್ನೇ ಹುಡುಕುತ್ತಾರೆ. ತೇಜಸ್ವಿಯವರು ಮಾತ್ರ ಅದನ್ನು ಯಾರ ಕೈಗೂ ಸಿಗಗೊಡದೆ ಕಣಿವೆಯೊಳಕ್ಕೆ ತೇಲಿಬಿಡುತ್ತಾರೆ. ಜೀವಿಯ ಮೇಲೆ ನಾವು ಹೊರಿಸುವ ಅರ್ಥವನ್ನು ಆ ಜೀವಿ ಹೊತ್ತುಕೊಳ್ಳಬೇಕಾಗಿಲ್ಲ ಎಂಬುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಲ್ಲ. ಕಾದಂಬರಿಯ ಹಿರಿಮೆ ಅದರ ಕೊನೆಯಲ್ಲಿದೆ ಎಂದು ನನ್ನ ಎಣಿಕೆ.

ಗೈಡುಗಳ ಮಾತು ಬೇರೆ. ಮರುಭೂಮಿಯಲ್ಲಿ ಬದುಕಲೆಂದು ಒಂಟೆಗೆ ಡುಬ್ಬ ಬಂತು, ಎತ್ತರದ ಎಲೆ ತಿನ್ನಲೆಂದು ಜಿರಾಫೆಯ ಕುತ್ತಿಗೆ ಉದ್ದವಾಯಿತು ಎಂಬ ಧಾಟಿಯ ವಾಕ್ಯಗಳು ಅಲ್ಲಿ ಹೆಜ್ಜೆಗೊಂದು. ಈ ‘ಎಂದು’ ಎಂಬ ಸಣ್ಣ ಮಾತಿನಲ್ಲಿ ಇಡೀ ತಪ್ಪು ಅಡಗಿದೆ. ಇದನ್ನು ತಿದ್ದಲು ನಮ್ಮ ಆಡುಮಾತಿನಲ್ಲೇ ಸಾಧನವಿದೆ. 1961ರಲ್ಲಿ ಅರ್ನ್ಸ್ಟ್ ಮೇಯರ್ ಎಂಬ ಜೀವವಿಜ್ಞಾನಿ ಜೀವಶಾಸ್ತ್ರದಲ್ಲಿ ‘ಯಾಕೆ’ ಎಂಬುದು ಒಂದು ಪ್ರಶ್ನೆಯಲ್ಲ, ಎರಡು ಎಂದು ಬಿಡಿಸಿ ತೋರಿಸಿದ. ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಂಗೋಲಿಯ, ಟಿಬೆಟ್ಟಿನ ಕಡೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಯಾತರಿಂದ ಬರುತ್ತವೆ? ಹಗಲು ಸಣ್ಣದಾಗುತ್ತದೆ, ಮೈಯೊಳಗಿನ ಸ್ರಾವಗಳು ಬದಲಾಗುತ್ತವೆ, ಹಕ್ಕಿ ಹೊರಡುತ್ತದೆ. ಯಾತಕ್ಕೆ ಬರುತ್ತವೆ? ಹಿಂದೆ ಹೊರಡದೆ ಉಳಿದವು ಹಿಮದಲ್ಲಿ ಸತ್ತು ಮರಿ ಉಳಿಸಲಿಲ್ಲ, ಹೊರಟವುಗಳ ಮಕ್ಕಳೇ ಇವು. ಯಾತರಿಂದ ಎಂಬುದು ಆ ಹಕ್ಕಿಯ ಈ ವರ್ಷದ ಕಥೆ. ಯಾತಕ್ಕೆ ಎಂಬುದು ಅದರ ಮನೆತನದ ಕಥೆ. ಎರಡನೆಯ ಉತ್ತರದಲ್ಲಿ ಹಕ್ಕಿಯ ಹಂಚಿಕೆ ಏನೂ ಇಲ್ಲ. ಇಷ್ಟನ್ನು ಬಿಡಿಸಿ ಹೇಳಿದರೆ ಹಿಂದಿನ ಬೆಂಚಿನ ಹುಡುಗನಿಗೂ ತಿಳಿಯುತ್ತದೆ.

ಎರಡನೆಯ ಮಾತು ರೂಢಿ. ಇಲ್ಲಿ ತತ್ತ್ವ ಪುಸ್ತಕ ಬಿಟ್ಟು ಹೊಲಕ್ಕೆ ಇಳಿಯುತ್ತದೆ. ಭಾರತದಲ್ಲಿ ಬೀಟಿ ಹತ್ತಿಗೆ ಒಪ್ಪಿಗೆ ಸಿಕ್ಕದ್ದು 2002ರಲ್ಲಿ. ಎರಡು ವಂಶವಾಹಿಗಳ ಬೀಟಿ ಬಂದದ್ದು 2006ರಲ್ಲಿ. ಗುಲಾಬಿ ಕಾಯಿಕೊರಕ ಮೊದಲನೆಯದನ್ನು ಗುಜರಾತಿನಲ್ಲಿ ಗೆದ್ದ ಸುದ್ದಿ 2010ರಲ್ಲಿ ಬಂತು. ಇನ್ನು ಕೆಲವು ವರ್ಷಗಳಲ್ಲಿ ಎರಡನೆಯದನ್ನೂ ಗೆದ್ದಿತು. ನಮ್ಮ ಕಡೆ ಹತ್ತಿ ಹಾಕುವವರ ಮಕ್ಕಳನ್ನು ಕೇಳಿದರೆ ಒಂದೇ ಉತ್ತರ: “ಹುಳಕ್ಕ ಬೀಟಿ ರೂಢಿ ಆಗೇತ್ರಿ ಸರ.” ತಂಬಾಕು ತಿನ್ನುವವನಿಗೆ ತಂಬಾಕು ರೂಢಿಯಾದ ಹಾಗೆ, ಹುಳಕ್ಕೆ ವಿಷ ರೂಢಿಯಾಯಿತು ಎಂಬ ತಿಳಿವಳಿಕೆ. ಆದರೆ ಯಾವ ಹುಳಕ್ಕೂ ಬೀಟಿ ರೂಢಿಯಾಗಲಿಲ್ಲ. ತಿಂದ ಹುಳ ಸತ್ತೇ ಹೋಯಿತು. ಲಕ್ಷಗಟ್ಟಲೆ ಹುಳಗಳಲ್ಲಿ ಹುಟ್ಟಿನಿಂದಲೇ ವಿಷ ತಾಗದ ನಾಲ್ಕಾರು ಇದ್ದವು, ಅವು ಉಳಿದವು, ಅವುಗಳ ಸಂತಾನ ಹೊಲ ತುಂಬಿತು. ಬದಲಾದದ್ದು ಹುಳವಲ್ಲ, ಹುಳಗಳ ಹಿಂಡು. ಬಿಡಿ ಜೀವಿಯಿಂದ ಕಣ್ಣು ತೆಗೆದು ಹಿಂಡಿನ ಮೇಲೆ ಇಡುವುದು. ಜೀವಶಾಸ್ತ್ರದ ತತ್ತ್ವದಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಕಾಣೆ.

ಇದು ಬರಿಯ ಶಬ್ದದ ಜಗಳ ಅಲ್ಲ. 450 ಗ್ರಾಂ ಬೀಟಿ ಬೀಜದ ಜೊತೆಗೆ 120 ಗ್ರಾಮಿನ ಬೀಟಿ ಅಲ್ಲದ ಬೀಜದ ಪೊಟ್ಟಣ ಕೊಡುತ್ತಿದ್ದರು. ಹೊಲದ ಸುತ್ತ ಐದು ಸಾಲು, ಇಲ್ಲವೆ ಶೇಕಡಾ 20ರಷ್ಟು ಜಾಗ, ಯಾವುದು ಹೆಚ್ಚೋ ಅಷ್ಟರಲ್ಲಿ ಅದನ್ನು ಬಿತ್ತಬೇಕೆಂಬ ನಿಯಮ. ಅನೇಕ ಕಡೆ ರೈತರು ಆ ಪೊಟ್ಟಣವನ್ನು ಬದುವಿಗೆ ಎಸೆದರು. ಅವರ ತರ್ಕ ಸರಿಯಾಗಿಯೇ ಇತ್ತು: ಹುಳ ಬೀಳುವ ಬೆಳೆಯನ್ನು ಬೇಕೆಂದೇ ಏಕೆ ಬೆಳೆಯಬೇಕು? ‘ರೂಢಿ’ ಎಂಬ ತಿಳಿವಳಿಕೆಯಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲ. ‘ಹಿಂಡು’ ಎಂಬ ತಿಳಿವಳಿಕೆಯಲ್ಲಿ ಇದೆ. ಆ ಸಾಲುಗಳಲ್ಲಿ ವಿಷ ತಾಗುವ ಹುಳಗಳು ಬದುಕಿ ಪತಂಗಗಳಾಗುತ್ತವೆ; ಬೀಟಿ ಸಾಲಿನಲ್ಲಿ ಉಳಿದ ನಾಲ್ಕಾರರ ಜೊತೆ ಕೂಡುತ್ತವೆ; ಹುಟ್ಟುವ ಮರಿಗಳಿಗೆ ಮತ್ತೆ ವಿಷ ತಾಗುತ್ತದೆ. ಗುಲಾಬಿ ಕಾಯಿಕೊರಕ ಹೆಚ್ಚು ಕಡಿಮೆ ಹತ್ತಿಯನ್ನೇ ನಂಬಿ ಬದುಕುವ ಹುಳ. ಬೇರೆ ಬೆಳೆಯಲ್ಲಿ ಅದಕ್ಕೆ ಇಂಥ ಆಸರೆ ಸಿಗುವುದಿಲ್ಲ. ಪೊಟ್ಟಣದ ಮೇಲೆ ನಿಯಮ ಅಚ್ಚಾಗಿತ್ತು, ಕಾರಣ ಯಾರಿಗೂ ತಿಳಿದಿರಲಿಲ್ಲ. ನಷ್ಟಕ್ಕೆ ಇದೊಂದೇ ಕಾರಣವೆಂದು ಹೇಳಲಾರೆ. ಬೀಜದ ವ್ಯಾಪಾರ, ಹತ್ತಿಯನ್ನು ಬೇಸಿಗೆಯವರೆಗೆ ಹೊಲದಲ್ಲಿ ಬಿಡುವ ಪದ್ಧತಿ, ಎಲ್ಲವೂ ಸೇರಿವೆ. ಆದರೂ ಡಾರ್ವಿನ್ನನ ಪಾಠ ಸರಿಯಾಗಿ ಕಲಿಯದ ಊರಿನಲ್ಲಿ ಹತ್ತಿಯ ಕಾಯಿ ಕೊರೆದುಹೋಗುತ್ತದೆ ಎಂಬ ಮಾತು ಅತಿಶಯೋಕ್ತಿಯಲ್ಲ.

ಗುರಿಯಿಲ್ಲದೆ, ಹಂಚಿಕೆಯಿಲ್ಲದೆ ಒಂದು ವಸ್ತು ಮಾರ್ಪಡುತ್ತ ಬರುವುದು ಹೇಗೆ ಸಾಧ್ಯ ಎಂದು ಮಕ್ಕಳು ಕೇಳುತ್ತಿದ್ದರು. ಇಲ್ಲಿ ನನಗೆ ನೆರವಾದದ್ದು ಹಲಸಂಗಿಯ ಮೊದಲನೆಯ ಆಸ್ತಿ. ಒಂದು ಬೀಸುವ ಹಾಡನ್ನು ಇಂಡಿಯ ಕಡೆಯ ಅಜ್ಜಿ, ಸಿಂದಗಿಯ ಕಡೆಯ ಅತ್ತೆ, ಬಾಗೇವಾಡಿಯ ಕಡೆಯ ದೊಡ್ಡವ್ವ, ಮುದ್ದೇಬಿಹಾಳದ ಕಡೆಯ ಚಿಗವ್ವ ಹೇಗೆ ಹಾಡುತ್ತಾರೆ, ಬರೆದುಕೊಂಡು ಬನ್ನಿ ಎಂದು ಹೇಳುತ್ತಿದ್ದೆ. ಬರುತ್ತಿದ್ದ ಪಾಠಗಳಲ್ಲಿ ಒಂದೂ ಇನ್ನೊಂದರಂತೆ ಇರುತ್ತಿರಲಿಲ್ಲ. ತವರಿನಿಂದ ಗಂಡನ ಮನೆಗೆ ಹೋದ ಹಾಡು ಅಲ್ಲಿಯ ಊರ ಹೆಸರನ್ನು ಸೇರಿಸಿಕೊಂಡಿರುತ್ತಿತ್ತು. ಒಡವೆಯ ಹೆಸರು ಬದಲಾಗಿರುತ್ತಿತ್ತು, ಒಂದು ಸಾಲು ಬಿದ್ದುಹೋಗಿರುತ್ತಿತ್ತು. ಬಾಯಿಗೆ ಕೂತದ್ದು ಉಳಿಯಿತು, ಕೂರದ್ದು ಮರೆತುಹೋಯಿತು. ಇದನ್ನು ಯಾರೂ ಮೊದಲೇ ಗೊತ್ತುಮಾಡಿರಲಿಲ್ಲ.

ಆಮೇಲೆ, ಯಾವ ಪಾಠಕ್ಕೆ ಯಾವುದು ಹತ್ತಿರದ ನೆಂಟ ಎಂದು ಮರ ಬರೆಯಲು ಹೇಳುತ್ತಿದ್ದೆ. ಒಂದು ಮಾತು ಅವರೇ ಕಂಡುಕೊಳ್ಳುತ್ತಿದ್ದರು: ಸರಿಯಿದ್ದ ಸಾಲಿನಿಂದ ನೆಂಟಸ್ತನ ತಿಳಿಯುವುದಿಲ್ಲ, ತಪ್ಪಿದ ಸಾಲಿನಿಂದ ತಿಳಿಯುತ್ತದೆ. ಎರಡು ಪಾಠಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಅರ್ಥಗೇಡಿ ಶಬ್ದವಿದ್ದರೆ ಎರಡೂ ಒಂದೇ ಬಾಯಿಂದ ಇಳಿದವು. ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರು ಪ್ರತಿಗಳ ವಂಶಾವಳಿ ಕಟ್ಟುವುದೂ ಹೀಗೆಯೇ. ಆ ಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಗ್ರಂಥ ಬರೆದ ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿದವರು ಎಂದು ಹೇಳಿದರೆ ಮಕ್ಕಳಿಗೆ ಹಿಗ್ಗು. ಅಲ್ಲಿಂದ ಜೀವಶಾಸ್ತ್ರಕ್ಕೆ ಒಂದೇ ಹೆಜ್ಜೆ. ಹೆಚ್ಚಿನ ಸಸ್ತನಿಗಳು ಸಿ ಜೀವಸತ್ವವನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ; ನಾವು ತಯಾರಿಸಲಾರೆವು. ಅದಕ್ಕೆ ಬೇಕಾದ ವಂಶವಾಹಿ ನಮ್ಮಲ್ಲಿದೆ, ಆದರೆ ಕೆಟ್ಟುಹೋಗಿದೆ. ಚಿಂಪಾಂಜಿಯಲ್ಲೂ ಕೋತಿಯಲ್ಲೂ ಅದೇ ವಂಶವಾಹಿ ಕೆಟ್ಟಿದೆ. ಒಂದೇ ಹಾಡಿನಲ್ಲಿ ಒಂದೇ ತಪ್ಪು. ನಮಗೆ ಇಂಡಿಯ ಲಿಂಬೆಹಣ್ಣು ಬೇಕಾಗುವುದಕ್ಕೆ ಕಾರಣ ಆ ಹಳೆಯ ತಪ್ಪು. ಕೆಟ್ಟ ವಂಶವಾಹಿಯನ್ನು ವಿಕಾಸ ಎಂದು ಕರೆಯಲು ಬಾಯಿ ಬರುವುದಿಲ್ಲ. ಇಳಿದು ಬಂತು ಎನ್ನಲು ಬರುತ್ತದೆ.

ಹೋಲಿಕೆಗೂ ಒಂದು ಮಿತಿ ಇದೆ. ಹಾಡುವವಳು ಬೇಕೆಂದು ಸಾಲು ತಿದ್ದಬಲ್ಲಳು; ವಂಶವಾಹಿಗೆ ಬೇಕು ಬೇಡ ಇಲ್ಲ. ಈ ವ್ಯತ್ಯಾಸವನ್ನು ವಿದ್ಯಾರ್ಥಿ ತಾನೇ ಎತ್ತಿ ಹೇಳಿದ ದಿನ ಪಾಠ ಮುಗಿದಂತೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ಕಾಣುವುದೇ ತತ್ತ್ವಜ್ಞಾನ.

ಮೂರನೆಯ ಮಾತು ಜಾತಿ. ‘ಸ್ಪೀಸೀಸ್’ಗೆ ಪ್ರಭೇದ ಎಂಬ ಪಾರಿಭಾಷಿಕ ಪದವಿದೆ. ಆದರೆ ಬಾಯಿಗೆ ಬರುವುದು ಜಾತಿ: ಹಾವಿನ ಜಾತಿ, ಹಕ್ಕಿಯ ಜಾತಿ. ಹುಲಿಯ ಜಾತಿ ಬೇರೆ ಚಿರತೆಯ ಜಾತಿ ಬೇರೆ ಎನ್ನುವ ಅದೇ ನಾಲಿಗೆ ಓಣಿಗೆ ಬಂದರೆ ಇನ್ನೊಂದು ಅರ್ಥದಲ್ಲಿ ಅದೇ ಮಾತನ್ನು ಆಡುತ್ತದೆ. ಹುಡುಗನೊಬ್ಬ ನೇರವಾಗಿ ಕೇಳಿದ: “ಸರ, ಪ್ರಾಣಿಯೊಳಗ ಜಾತಿ ದೇವರು ಮಾಡಿದ್ದು ಅಂದ್ರ, ಮನಶ್ಯಾರೊಳಗೂ ಅವನ ಮಾಡಿರಬೇಕಲ್ರಿ?” ತರಗತಿ ಗಪ್ಪಾಯಿತು. ಕೆಲವರು ಅವನ ಮುಖ ನೋಡಿದರು, ಕೆಲವರು ನೆಲ ನೋಡಿದರು. ಯಾರು ಯಾವ ಓಣಿಯವರೆಂದು ಎಲ್ಲರಿಗೂ ಗೊತ್ತಿರುವ ಊರುಗಳಿಂದ ಬಂದ ಮಕ್ಕಳು ಅವರು.

ಉತ್ತರ ಎರಡು ಹಂತದ್ದು. ಮೊದಲನೆಯದಾಗಿ, ಪ್ರಾಣಿಯಲ್ಲೂ ಜಾತಿ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ. 1942ರಲ್ಲಿ ಮೇಯರ್ ಕೊಟ್ಟ ವ್ಯಾಖ್ಯೆಯ ತಿರುಳು, ತಮ್ಮೊಳಗೆ ಕೂಡಿ ಸಂತಾನ ಪಡೆಯುವ ಹಿಂಡುಗಳ ಸಮೂಹವೇ ಪ್ರಭೇದ ಎಂದು. ಅಂಚು ಗಟ್ಟಿಯಲ್ಲ. 2023ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಇಂಡಿಯ ಲಿಂಬೆಯನ್ನೇ ನೋಡಿ. ಈ ಬಗೆಯ ಲಿಂಬೆ ಮಾದಲವೂ ಒಂದು ಕಾಡು ಹುಳಿಹಣ್ಣೂ ಬೆರೆತು ಹುಟ್ಟಿದ್ದೆಂದು 2018ರ ವಂಶವಾಹಿ ಅಧ್ಯಯನ ತೋರಿಸಿತು. ಇಡೀ ತಾಲ್ಲೂಕಿಗೆ ಹೆಸರು ತಂದ ಹಣ್ಣೇ ಬೆರಕೆ. ಇನ್ನು ಮನುಷ್ಯರಂತೂ ಆ ವ್ಯಾಖ್ಯೆಯಲ್ಲಿ ಒಂದೇ ಪ್ರಭೇದ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ಈ ದೇಶದ ಜನಸಮುದಾಯಗಳು ಧಾರಾಳವಾಗಿ ಬೆರೆತವು. ಒಳಗೊಳಗೇ ಮದುವೆಯಾಗುವ ಕಟ್ಟು ಆಮೇಲಿನದು. ಬಾಗೇವಾಡಿಯ ಬಸವಣ್ಣನ ಕಥೆ ಕೇಳಿ ಬೆಳೆದವರಿಗೆ ಇದು ಹೊಸತಲ್ಲ. ಹರಳಯ್ಯ ಮಧುವರಸರ ಮಕ್ಕಳ ಮದುವೆಯಿಂದ ಕಲ್ಯಾಣ ಹೊತ್ತಿ ಉರಿಯಿತೆಂದು ಶರಣರ ಕಥೆ ಹೇಳುತ್ತದೆ. ಆ ಮದುವೆಗೆ ಶಿಕ್ಷೆ ಕೊಟ್ಟದ್ದು ಅರಸನ ಆಜ್ಞೆ, ಪ್ರಕೃತಿಯಲ್ಲ.

ಎರಡನೆಯ ಹಂತ ಇನ್ನೂ ಮುಖ್ಯ. ಸಮಾನತೆಯನ್ನು ಜೀವಶಾಸ್ತ್ರದ ಮೇಲೆ ಕಟ್ಟಬಾರದು. ನಾಳೆ ಯಾರೋ ಒಬ್ಬ ವಿಜ್ಞಾನಿ ಎರಡು ಸಮುದಾಯಗಳ ನಡುವೆ ಏನೋ ಒಂದು ವ್ಯತ್ಯಾಸ ತೋರಿಸಿದರೆ ನಮ್ಮ ಸಮಾನತೆ ಬಿದ್ದುಹೋಗಬೇಕೆ? ಇದೆ ಎಂಬುದರಿಂದ ಹೀಗಿರಬೇಕು ಎಂಬುದು ಹೊರಡುವುದಿಲ್ಲ. ವಿಜ್ಞಾನ ಸುಳ್ಳು ಆಧಾರವನ್ನು ಕಿತ್ತುಹಾಕಬಲ್ಲದು. ನ್ಯಾಯವನ್ನು ನಾವೇ ಕಟ್ಟಬೇಕು. ಆ ಹುಡುಗನಿಗೆ ಇದನ್ನು ಹೇಳಿದಾಗ ಅವನು ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಮರುದಿನ ಅವನ ಪಕ್ಕದವನು ಕೇಳಿದ ಪ್ರಶ್ನೆ ‘ಹಾಗಾದರ ನ್ಯಾಯ ಎಲ್ಲಿಂದ ಇಳಿದು ಬಂತ್ರಿ?’ ಎಂಬುದು. ಅದಕ್ಕೆ ಜೀವಶಾಸ್ತ್ರದ ಗಂಟೆ ಸಾಲದು.

2023ರಲ್ಲಿ ಎನ್.ಸಿ.ಇ.ಆರ್.ಟಿ.ಯವರು ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದರು. ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪ್ರತಿಭಟಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಪ್ರತಿಭಟನೆ ನ್ಯಾಯವಾದದ್ದು. ಹತ್ತನೆಯದಕ್ಕೇ ಓದು ನಿಲ್ಲಿಸಿ ಹೊಲಕ್ಕೆ ಹೋಗುವ ಹುಡುಗನಿಗೆ, ಮದುವೆಯಾಗಿ ಹೋಗುವ ಹುಡುಗಿಗೆ ಆ ಪಾಠ ಮತ್ತೆ ಸಿಗುವುದಿಲ್ಲ; ಕಾಯಿಕೊರಕದ ಜೊತೆ ಹೆಣಗಬೇಕಾದವರು ಅವರೇ. ಆದರೆ ಪಾಠವನ್ನು ಮರಳಿ ತಂದರಷ್ಟೇ ಸಾಲದು. ನಿಚ್ಚಣಿಕೆಯ ಚಿತ್ರದೊಡನೆ ಅದು ಮರಳಿದರೆ ಬಂದದ್ದೂ ಬಾರದ್ದೂ ಒಂದೇ.

ನನ್ನ ಸಲಹೆ ಸಣ್ಣದು. ವಿಕಾಸ ಎಂಬ ಮಾತನ್ನು ಮಧುರಚೆನ್ನರಿಗೆ ಬಿಟ್ಟುಕೊಡೋಣ. ಅವರಿಗೆ ಅದರ ಮೇಲೆ ಹಕ್ಕಿದೆ. ಡಾರ್ವಿನ್ನನಿಗೆ ಬೀಸುವ ಕಲ್ಲಿನ ಮುಂದಿನ ಹೆಣ್ಣುಮಕ್ಕಳ ಮಾತು ಸಾಕು: ಇಳಿದು ಬಂತು, ಬರುತ್ತ ಬದಲಾಯಿತು, ಉಳಿದದ್ದು ಉಳಿಯಿತು. ಪಾರಿಭಾಷಿಕ ಪದಕೋಶದವರು ಒಪ್ಪಲಿಕ್ಕಿಲ್ಲ. ತರಗತಿಯಲ್ಲಿ ಒಂದು ಸಲ ಹೀಗೆ ಹೇಳಿ ನೋಡಿದ ಮಾಸ್ತರರು ಒಪ್ಪುತ್ತಾರೆ.